ಇವತ್ತು ಕಾಣುವ ಮೊಡವೆ ಇವತ್ತಿನದಲ್ಲ

ತಿಳಿ ಬಣ್ಣದ ಅಂಗಿ ಹಾಕುವುದನ್ನು ನಾನು ಪಿಯುಸಿಯಲ್ಲೇ ಬಿಟ್ಟಿದ್ದೆ. ಕಾಲೇಜಿನ ಯೂನಿಫಾರ್ಮ್ ಮಾತ್ರ ತಿಳಿ ನೀಲಿ, ಅದನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅದಕ್ಕೆ ಒಳಗೊಂದು ದಪ್ಪ ಬನಿಯನ್ ಹಾಕುತ್ತಿದ್ದೆ. ಬೆಂಚಿಗೆ ಒರಗಿದರೆ ಸಾಕು, ಬೆನ್ನಿನ ಮೊಡವೆ ಒಡೆಯುತ್ತಿತ್ತು. ಸಂಜೆ ಮನೆಗೆ ಬಂದು ಬನಿಯನ್ ಬಿಚ್ಚುವಾಗ ಬಟ್ಟೆ ಚರ್ಮಕ್ಕೆ ಕಚ್ಚಿಕೊಂಡಿರುತ್ತಿತ್ತು. ನೀರು ಹಾಕಿ ನೆನೆಸಿ, ನಿಧಾನಕ್ಕೆ ಬಿಡಿಸಬೇಕಿತ್ತು. ಮುಖದ ಮೇಲಿದ್ದದ್ದು ಊರಿಗೆಲ್ಲ ಕಾಣುತ್ತಿತ್ತು. ಬೆನ್ನಿನದ್ದು ಅಮ್ಮನಿಗೆ ಮಾತ್ರ ಗೊತ್ತಿತ್ತು, ಬಟ್ಟೆ ಒಗೆಯುತ್ತಿದ್ದದ್ದು ಅಮ್ಮನೇ ಅಲ್ವಾ.

"ಗಂಡು ಹುಡುಗನಿಗೆ ಇದೇನು ದೊಡ್ಡ ವಿಷಯ? ಮೀಸೆ ಬರೋ ವಯಸ್ಸು, ಎಲ್ರಿಗೂ ಬರುತ್ತೆ, ಹೋಗುತ್ತೆ." ಬಂದವರೆಲ್ಲ ಹೇಳುತ್ತಿದ್ದ ಮಾತು ಇದು. ಇದರಲ್ಲಿ ಅರ್ಧ ನಿಜವೂ ಇದೆ. 12ರಿಂದ 24 ವರ್ಷದವರಲ್ಲಿ 100ಕ್ಕೆ ಸುಮಾರು 85 ಮಂದಿಗೆ ಒಂದಲ್ಲ ಒಂದು ಹೊತ್ತಿನಲ್ಲಿ ಮೊಡವೆ ಬರುತ್ತದೆ ಅಂತ ವೈದ್ಯರು ಲೆಕ್ಕ ಹೇಳುತ್ತಾರೆ. ಹೆಚ್ಚಿನವರಿಗೆ ಹಾಗೇ ಹೋಗಿಯೂ ಬಿಡುತ್ತದೆ. ಆದರೆ ನನ್ನದು ಮೂತಿ ಬಿಳಿಯಾಗಿ ಎರಡು ದಿನಕ್ಕೆ ಒಣಗುವ ಜಾತಿಯದ್ದಲ್ಲ. ಚರ್ಮದ ಆಳದಲ್ಲಿ ಗಂಟು ಕಟ್ಟುತ್ತಿತ್ತು. ಮೂತಿಯೇ ಇರುತ್ತಿರಲಿಲ್ಲ. ದವಡೆಯ ಹತ್ತಿರ ಒಂದು ಎದ್ದರೆ ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ, ಹೆಲ್ಮೆಟ್ ಪಟ್ಟಿ ಕಟ್ಟಲು ಆಗುತ್ತಿರಲಿಲ್ಲ. ವಾರಗಟ್ಟಲೆ ಇದ್ದು ಹೋಗುವಾಗ ಒಂದು ಗುಳಿ ಬಿಟ್ಟು ಹೋಗುತ್ತಿತ್ತು.

ಮನೆಯಲ್ಲಿ ಯಾರೂ ಸುಮ್ನೆ ಕೂತಿರಲಿಲ್ಲ. ಅಮ್ಮ ಕಡ್ಲೆಹಿಟ್ಟು, ಅರಿಶಿನ ಕಲಸಿ ಕೊಟ್ಟಳು. ಅಜ್ಜಿ ಜಾಯಿಕಾಯಿ ತೇಯ್ದಳು. ಅತ್ತೆ ಲೋಳೆಸರ ತಂದುಕೊಟ್ಟರು. ಪಕ್ಕದ ಮನೆಯ ಆಂಟಿ ನಿಂಬೆರಸ ಹಚ್ಚಲು ಹೇಳಿದರು. ಅದು ಉರಿಯುತ್ತಿತ್ತು ಅಷ್ಟೇ. ಎಲ್ಲದಕ್ಕೂ ಕೊಡುತ್ತಿದ್ದ ಗಡುವು ಮೂರ್ನಾಲ್ಕು ದಿನ. ಅಷ್ಟರಲ್ಲಿ ಹೊಸದೊಂದು ಎದ್ದರೆ "ಇದು ಅವನಿಗೆ ಒಗ್ಗಲ್ಲ" ಅಂತ ಬಿಟ್ಟು ಮುಂದಿನದ್ದು. ಇನ್ನು ಊಟದ ವಿಚಾರಣೆ. ನಿನ್ನೆ ಕಡ್ಲೆಕಾಯಿ ತಿಂದೆ, ಇವತ್ತು ಮೊಡವೆ. ಮೊನ್ನೆ ಮಾವಿನಹಣ್ಣು ತಿಂದೆ, ಮೈ ಉಷ್ಣ ಆಗಿದೆ. ಪ್ರೀತಿಯಿಂದಲೇ ಹೇಳುತ್ತಿದ್ದರು, ಆದರೆ ತಟ್ಟೆ ಮುಂದೆ ಕೂತಾಗಲೆಲ್ಲ ನಾನೇ ಅಪರಾಧಿ ಅನ್ನಿಸುತ್ತಿತ್ತು.

ಡಿಗ್ರಿಗೆ ಸೇರಿದ ಮೇಲೆ ಒಂದು ದಿನ ಅಪ್ಪ "ನಡಿ, ತೋರಿಸ್ಕೊಂಡು ಬರೋಣ" ಅಂದರು. ನಮ್ಮದು ಹಾಸನದ ಕಡೆ ಒಂದು ಹಳ್ಳಿ. ಸರ್ಕಾರಿ ಆಸ್ಪತ್ರೆಯ ಸ್ಕಿನ್ ಓಪಿಡಿಗೆ ಹೋದೆವು. ಚೀಟಿ ಮಾಡಿಸಿ, ಬೆಂಚಿನ ಮೇಲೆ ಬಹಳ ಹೊತ್ತು ಕೂತೆವು. ಒಳಗೆ ಮೊದಲು ನೋಡಿದ್ದು ಒಬ್ಬರು ಪಿಜಿ ಡಾಕ್ಟರ್, ಅಂದರೆ ಸ್ಪೆಷಲಿಸ್ಟ್ ಆಗಲು ಓದುತ್ತಿರುವವರು, ನನಗಿಂತ ಆರೇಳು ವರ್ಷ ದೊಡ್ಡವರಿರಬಹುದು. ಅಂಗಿ ಬಿಚ್ಚಿಸಿ ಬೆನ್ನು, ಎದೆ, ಭುಜ ಎಲ್ಲ ನೋಡಿದರು. ತುರಿಕೆ ಇದೆಯಾ ಅಂತ ಕೇಳಿದರು. ಬೆನ್ನ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆ ಎದ್ದು ತುರಿಸುತ್ತಿದ್ದರೆ ಅದು ಮೊಡವೆಯಲ್ಲದೆ ಫಂಗಸ್ಸಿನಿಂದ ಬಂದದ್ದೂ ಆಗಿರಬಹುದಂತೆ, ಅದಕ್ಕೆ ಔಷಧಿಯೇ ಬೇರೆ. ಜಿಮ್‌ಗೆ ಹೋಗುತ್ತೀಯಾ, ಪ್ರೋಟೀನ್ ಪುಡಿ ತಗೊಳ್ತೀಯಾ, ಯಾರಾದರೂ ಇಂಜೆಕ್ಷನ್ ಕೊಟ್ಟಿದ್ದಾರಾ, ಮುಖಕ್ಕೆ ಯಾವ ಕ್ರೀಮ್ ಹಚ್ಚಿದ್ದೀಯಾ, ತಲೆಗೆ ಎಣ್ಣೆ ಎಷ್ಟು. ಊಟದ ಬಗ್ಗೆ ಕೊನೆಯಲ್ಲಿ ಕೇಳಿದರು, ಅದೂ ಸಿಹಿ ಮತ್ತು ಹಾಲಿನ ಬಗ್ಗೆ.

ಆಮೇಲೆ "ಮನೇಲಿ ಯಾರಿಗಾದ್ರೂ ಹೀಗಿತ್ತಾ?" ಅಂದರು. ನಾನು ಇಲ್ಲ ಅನ್ನುವಷ್ಟರಲ್ಲಿ ಅಪ್ಪನ ಕಡೆ ನೋಡಿ, "ಯಜಮಾನ್ರೇ, ನಿಮಗೂ ಜೋರಾಗೇ ಇತ್ತಲ್ವಾ?" ಅಂದರು.

ಅಪ್ಪನ ಕೆನ್ನೆಯ ಗುಳಿಗಳನ್ನು ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಅವರ ಮುಖವೇ ಹಾಗೆ ಅಂದುಕೊಂಡಿದ್ದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇತ್ತು ಮೇಡಂ. ನಮ್ ಕಾಲದಲ್ಲಿ ಯಾರು ತೋರಿಸ್ತಿದ್ರು? ಇವನಿಗೆ ಈ ಗುಳಿ ಬೀಳಬಾರ್ದು ಅಂತಾನೇ ಕರ್ಕೊಂಡ್ ಬಂದೆ" ಅಂದರು. ನನಗೆ ಹೊಸ ವಿಷಯ ಅದು. ತೀವ್ರವಾದ ಮೊಡವೆ ಬಹಳ ಮಟ್ಟಿಗೆ ವಂಶದಲ್ಲಿ ಬರುತ್ತದೆ. ಎಷ್ಟೋ ವರ್ಷ ಕಡ್ಲೆಕಾಯಿಯ ಮೇಲೆ ಹಾಕಿದ ತಪ್ಪು ಅವತ್ತು ಅಲ್ಲೇ ಇಳಿಯಿತು.

ಆ ಡಾಕ್ಟರ್ ನಮ್ಮ ಚೀಟಿಯ ಹಿಂದೆ ಒಂದು ಚಿತ್ರ ಬರೆದು ತೋರಿಸಿದರು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಇದಕ್ಕೆ ಸಮಯ ಕೊಟ್ಟರಲ್ಲ, ಆ ಋಣ ನನ್ನ ಮೇಲಿದೆ. ಕೂದಲು ಹುಟ್ಟುವ ಸಣ್ಣ ಕೊಳವೆ, ಅದರ ಪಕ್ಕಕ್ಕೆ ಅಂಟಿಕೊಂಡ ಎಣ್ಣೆ ಗ್ರಂಥಿ. ವಯಸ್ಸಿಗೆ ಬಂದಾಗ ಹಾರ್ಮೋನಿನ ಮಾತು ಕೇಳಿ ಗ್ರಂಥಿ ಎಣ್ಣೆ ಜಾಸ್ತಿ ಮಾಡುತ್ತದೆ. ಅದೇ ಹೊತ್ತಿಗೆ ಕೊಳವೆಯ ಒಳಗೋಡೆಯ ಸತ್ತ ಜೀವಕೋಶಗಳು ಉದುರಿ ಹೊರಗೆ ಹೋಗುವ ಬದಲು ಅಲ್ಲೇ ಅಂಟಿಕೊಂಡು ಬಾಯಿ ಕಟ್ಟುತ್ತದೆ. ಒಳಗೆ ಉಳಿದ ಎಣ್ಣೆಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ನಮ್ಮೆಲ್ಲರ ಚರ್ಮದ ಮೇಲೂ ಇರುವಂಥದ್ದೇ ಅದು, ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಅಂತ ಹೆಸರು. ದೇಹ ಅದರ ವಿರುದ್ಧ ಎದ್ದು ನಿಂತಾಗ ಕೆಂಪು, ಬಾವು, ಕೀವು, ನೋವು. ಕೊಳವೆ ಒಳಗೇ ಒಡೆದುಹೋದರೆ ಗಂಟು. ಬ್ಲ್ಯಾಕ್‌ಹೆಡ್‌ನ ಕಪ್ಪು ಕೊಳೆ ಅಲ್ಲವೇ ಅಲ್ಲ, ತೆರೆದ ಬಾಯಲ್ಲಿ ಗಾಳಿಗೆ ಸಿಕ್ಕಿ ಕಪ್ಪಾದ ಚರ್ಮದ್ದೇ ಬಣ್ಣ, ಎಣ್ಣೆ. ಹಾಗಾಗಿ ಉಜ್ಜಿ ಉಜ್ಜಿ ತೊಳೆದರೆ ಹೋಗುವುದಿಲ್ಲ, ಕೆರಳುತ್ತದೆ.

"ಇದೆಲ್ಲ ಆಗೋಕೆ ಎಷ್ಟು ದಿನ ಬೇಕು ಗೊತ್ತಾ? ಬಾಯಿ ಕಟ್ಟೋಕೆ ಶುರುವಾಗಿ ನಿನ್ನ ಕಣ್ಣಿಗೆ ಕಾಣೋವರೆಗೆ ಸುಮಾರು 2 ತಿಂಗಳು. ಇವತ್ತು ಎದ್ದಿರೋದು ಇವತ್ತಿನದಲ್ಲ. ಮುಂದಿನ ತಿಂಗಳು ಏಳೋದು ಈಗಾಗಲೇ ಒಳಗಿದೆ. ನಾನು ಕೊಡೋ ಔಷಧಿ ಕೆಲಸ ಮಾಡೋದು ಅದರ ಮೇಲೆ."

ನನಗಿಂತ ಮೊದಲು ಇದನ್ನು ಹಿಡಿದುಕೊಂಡವರು ಅಪ್ಪ. "ಓ, ಆಲೂಗಡ್ಡೆಗೆ ಅಂಗಮಾರಿ ರೋಗ ಕಾಣೋಕ್ ಮುಂಚೆನೇ ಔಷಧಿ ಹೊಡೀತೀವಲ್ಲ, ಹಂಗೆ. ಚುಕ್ಕಿ ಬಿದ್ದ ಎಲೆಗೆ ಮಾತ್ರ ಹೊಡುದ್ರೆ ಹೊಲ ಉಳಿಯಲ್ಲ" ಅಂದರು. ಡಾಕ್ಟರ್ ಹೌದು ಹೌದು ಅಂದರು. ಈ ಒಂದು ಮಾತು ಅರ್ಥವಾಗದೆ ಎಷ್ಟು ಜನ ಒಳ್ಳೆಯ ಔಷಧಿಯನ್ನು ಎರಡು ವಾರಕ್ಕೇ ಬಿಟ್ಟುಬಿಡುತ್ತಾರೆ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಮೂರ್ನಾಲ್ಕು ದಿನಕ್ಕೆ ತೀರ್ಪು ಕೊಡುತ್ತಿದ್ದ ನಮ್ಮ ಮನೆಯ ಲೆಕ್ಕ ಯಾಕೆ ಹೊಂದುತ್ತಿರಲಿಲ್ಲ ಅನ್ನುವುದೂ ಆಗಲೇ ಹೊಳೆಯಿತು. ನಿನ್ನೆಯ ಕಡ್ಲೆಕಾಯಿಗೂ ಇವತ್ತಿನ ಮೊಡವೆಗೂ ಸಂಬಂಧ ಕಟ್ಟಲು ದಿನಗಳೇ ಸಾಲುವುದಿಲ್ಲ.

ಮೊದಲು ಕೊಟ್ಟದ್ದು ಮೂರು. ಬೆಳಿಗ್ಗೆಗೆ ಬೆಂಜಾಯ್ಲ್ ಪೆರಾಕ್ಸೈಡ್ 2.5% ಜೆಲ್, ರಾತ್ರಿಗೆ ಅಡಾಪಲೀನ್ 0.1%, ಊಟದ ಮೇಲೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಅನ್ನುವ ಆಂಟಿಬಯೋಟಿಕ್ ಮಾತ್ರೆ. ಬೆಂಜಾಯ್ಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಅದಕ್ಕೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುವುದಿಲ್ಲ. 10% ತಗೊಂಡರೆ ಜಾಸ್ತಿ ಗುಣ ಅಂತೇನಿಲ್ಲ, ಉರಿ ಮಾತ್ರ ಜಾಸ್ತಿ. ಇನ್ನೊಂದು ವಿಷಯ, ಇದು ಬಟ್ಟೆಯ ಬಣ್ಣ ತೆಗೆಯುತ್ತದೆ. ನಮ್ಮನೆಯ ಮೆರೂನ್ ಟವೆಲ್ ಮೇಲೆ ಕಿತ್ತಳೆ ಬಣ್ಣದ ಮಚ್ಚೆಗಳು ಎದ್ದವು. ಅದಕ್ಕೇ ಹಳೆಯ ಬಿಳಿ ಟವೆಲ್, ಬಿಳಿ ದಿಂಬಿನ ಕವರ್ ಬೇರೆ ಇಟ್ಟುಕೊಳ್ಳಬೇಕು. ಡಾಕ್ಸಿಸೈಕ್ಲಿನ್ ನುಂಗಿದರೆ ಲೋಟದ ತುಂಬ ನೀರು ಕುಡಿಯಬೇಕು, ತಕ್ಷಣ ಮಲಗಬಾರದು. ಮಾತ್ರೆ ಅನ್ನನಾಳದಲ್ಲಿ ನಿಂತರೆ ಅಲ್ಲಿ ಸುಟ್ಟು ಹುಣ್ಣಾಗುತ್ತದೆ. ಬಿಸಿಲಿಗೂ ಚರ್ಮ ಬೇಗ ಸುಡುತ್ತದೆ. ಹೊಲದ ಕೆಲಸವಿದ್ದ ದಿನ ಟವೆಲ್ ಸುತ್ತಿಕೊಂಡೇ ಹೋಗುತ್ತಿದ್ದೆ.

ಅಡಾಪಲೀನ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಇದು ವಿಟಮಿನ್ ಎ ಕುಟುಂಬದ್ದು, ಕೊಳವೆಯ ಬಾಯಿ ಕಟ್ಟದ ಹಾಗೆ ನೋಡಿಕೊಳ್ಳುತ್ತದೆ. ಮೊಡವೆಯ ಮೇಲೆ ಚುಕ್ಕಿ ಇಡುವ ಔಷಧಿ ಇದಲ್ಲ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ, ಹಣೆ, ಎರಡು ಕೆನ್ನೆ, ಗಲ್ಲದ ಮೇಲೆ ಚೂರು ಚೂರು ಇಟ್ಟು ತೆಳ್ಳಗೆ ಹರಡಬೇಕು. ಕಣ್ಣಿನ ಸುತ್ತ, ಮೂಗಿನ ಮೂಲೆ, ಬಾಯಿಯ ಅಂಚು ಬಿಡಬೇಕು. ಮೊದಲು ದಿನ ಬಿಟ್ಟು ದಿನ, ಒಗ್ಗಿದ ಮೇಲೆ ದಿನವೂ. ಶುರುವಿನ ವಾರಗಳು ಚೆನ್ನಾಗಿರುವುದಿಲ್ಲ. ನನ್ನ ಮೂಗಿನ ಪಕ್ಕ, ಗಲ್ಲದ ಮೇಲೆ ಸಿಪ್ಪೆ ಎದ್ದಿತು. ಒಳಗಿದ್ದ ಮೊಡವೆಗಳು ಒಟ್ಟಿಗೇ ಮೇಲೆ ಬಂದವು. ಅತ್ತೆ "ಔಷಧಿ ಉಲ್ಟಾ ಹೊಡೆದಿದೆ, ನಿಲ್ಲಿಸು" ಅಂದರು. ಡಾಕ್ಟರ್ ಇದನ್ನು ಮುಂಚೆಯೇ ಹೇಳಿ ಕಳಿಸಿದ್ದರಿಂದ ನಿಲ್ಲಿಸಲಿಲ್ಲ. ಎಣ್ಣೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿಕೊಂಡು ತಡೆದುಕೊಂಡೆ. ಎಣ್ಣೆ ಮುಖಕ್ಕೆ ಮಾಯಿಶ್ಚರೈಸರ್ ಯಾಕೆ ಅನ್ನಿಸುತ್ತದೆ, ಆದರೆ ಅದಿಲ್ಲದೆ ಈ ಔಷಧಿಯನ್ನು ಯಾರೂ ಬಹಳ ದಿನ ಹಚ್ಚಲಾರರು.

ತಲೆಗೆ ಹರಳೆಣ್ಣೆ, ಕೊಬ್ಬರಿ ಎಣ್ಣೆ ಹಚ್ಚುವುದರ ಬಗ್ಗೆ ಅಮ್ಮನ ಜೊತೆ ಒಂದು ಒಪ್ಪಂದವಾಯಿತು. ಭಾನುವಾರ ಹಚ್ಚಿ ಸ್ನಾನ ಮಾಡಿಬಿಡುವುದು, ರಾತ್ರಿಯಿಡೀ ಬಿಟ್ಟು ಹಣೆಗೆ ಇಳಿಸುವುದು ಬೇಡ. ನನ್ನ ಹಣೆಯ ಅಂಚಿನ ಸಣ್ಣ ಬೊಕ್ಕೆಗಳು ಅಷ್ಟಕ್ಕೇ ಎಷ್ಟೋ ಕಡಿಮೆಯಾದವು.

ಇಲ್ಲಿ ಒಂದು ಬೇರೆ ವಿಷಯ ಹೇಳಲೇಬೇಕು. ಹಾಸ್ಟೆಲ್‌ನಲ್ಲಿ ನನ್ನ ರೂಮಿನಲ್ಲಿದ್ದ ಹುಡುಗನಿಗೆ ಮೊಡವೆ ಇದ್ದದ್ದೇ ಕಮ್ಮಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿದ್ದಕ್ಕೆ ಒಂದು ಟ್ಯೂಬ್ ಕೊಟ್ಟರು. ವಾರದಲ್ಲೇ ಮುಖ ಬೆಳ್ಳಗೆ, ನುಣ್ಣಗೆ ಆಯಿತು. ಎಲ್ಲರೂ ಹೆಸರು ಕೇಳಿ ಬರೆದುಕೊಂಡರು. ಕೆಲವು ತಿಂಗಳಲ್ಲಿ ಅವನ ಕೆನ್ನೆಯ ಚರ್ಮ ಎಷ್ಟು ತೆಳ್ಳಗಾಯಿತೆಂದರೆ ಒಳಗಿನ ಕೆಂಪು ರಕ್ತನಾಳಗಳು ಎಳೆ ಎಳೆಯಾಗಿ ಕಾಣುತ್ತಿದ್ದವು. ಹಚ್ಚುವುದು ನಿಲ್ಲಿಸಿದರೆ ಬೆಂಕಿ ಬಿದ್ದ ಹಾಗೆ ಉರಿ, ಮುಖದ ತುಂಬ ಗುಳ್ಳೆ. ಮತ್ತೆ ಹಚ್ಚಿದರೆ ಮಾತ್ರ ಸಮಾಧಾನ. ಟ್ಯೂಬಿನಲ್ಲಿ ಇದ್ದದ್ದು ಸ್ಟೀರಾಯ್ಡ್. ಸ್ಟೀರಾಯ್ಡ್ ಮೊಡವೆಗೆ ಔಷಧಿಯಲ್ಲ, ಬಾವು ಅಡಗಿಸಿ ಮೋಸದ ಗುಣ ತೋರಿಸಿ, ಆಮೇಲೆ ತಾನೇ ಮೊಡವೆ ತರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಮಾಡಿತು. ನಿಯಮ ಇದ್ದರೂ ಕೇಳಿದರೆ ಕೊಡುವವರಿದ್ದಾರೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಇದ್ದರೆ ಮೊಡವೆ ಅಂತ ಮುಖಕ್ಕೆ ಹಚ್ಚಬೇಡಿ. ಈಗಾಗಲೇ ಹಚ್ಚುತ್ತಿದ್ದರೆ ಸ್ಕಿನ್ ಡಾಕ್ಟರ್ ಹತ್ತಿರ ಹೋಗಿ, ಅದನ್ನು ಹೇಗೆ ಬಿಡಿಸಬೇಕು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಅವನು ಹಾಗೇ ಹೋಗಿ, ನಿಧಾನಕ್ಕೆ ಹೊರಗೆ ಬಂದ.

ನನ್ನ ಕಥೆಗೆ ಬಂದರೆ, ಮೂರು ತಿಂಗಳಾಗುವ ಹೊತ್ತಿಗೆ ಮುಖದ ಸಣ್ಣ ಮೊಡವೆಗಳು ಇಳಿದವು. ಬೆನ್ನಿನ ಗಂಟುಗಳು ಹಾಗೇ ಇದ್ದವು, ಹೊಸ ಗುಳಿಗಳೂ ಬಿದ್ದವು. ಆಂಟಿಬಯೋಟಿಕ್ಕನ್ನು ವರ್ಷಗಟ್ಟಲೆ ಎಳೆಯುವುದು ಸರಿಯಲ್ಲ, ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದ ಹಾಗೆ ಆಗುತ್ತವೆ ಅಂತ ಹಿರಿಯ ಡಾಕ್ಟರ್ ಅದನ್ನು ನಿಲ್ಲಿಸಿದರು. ಐಸೋಟ್ರೆಟಿನಾಯಿನ್ ಶುರು ಮಾಡೋಣ ಅಂದರು. ಇದೂ ವಿಟಮಿನ್ ಎ ಕುಟುಂಬದ್ದೇ, ಆದರೆ ನುಂಗುವ ಮಾತ್ರೆ. ಡಾಕ್ಸಿಸೈಕ್ಲಿನ್ ನಿಲ್ಲಿಸಿದ ಮೇಲೇ ಇದನ್ನು ಕೊಡುವುದು. ಎರಡೂ ಒಟ್ಟಿಗೆ ಇದ್ದರೆ ತಲೆಯೊಳಗಿನ ಒತ್ತಡ ಏರುವ ಅಪಾಯವಿದೆ.

ಈ ಮಾತ್ರೆಯ ಬಗ್ಗೆ ಹೆದರಿಕೆಯ ಮಾತುಗಳು ಬಹಳ. ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 1982ರಲ್ಲಿ. ಅಂದರೆ ವೈದ್ಯರ ಕೈಯಲ್ಲಿ ಪಳಗಿದ ಔಷಧಿ ಇದು. ಎಣ್ಣೆ ಗ್ರಂಥಿಯನ್ನೇ ಕುಗ್ಗಿಸುತ್ತದೆ. ಮೊದಲು ರಕ್ತ ಪರೀಕ್ಷೆ, ಲಿವರ್ ಮತ್ತು ಕೊಬ್ಬಿನದ್ದು, ಆಮೇಲೆ ನಡುವೆಯೂ. ತೂಕ ನೋಡಿ ಡೋಸ್ ಲೆಕ್ಕ ಹಾಕುತ್ತಾರೆ. ನನಗೆ ಕಮ್ಮಿಯಿಂದ ಶುರು ಮಾಡಿ ನಿಧಾನಕ್ಕೆ ಏರಿಸಿದರು. ಮೊದಲೇ ಜಾಸ್ತಿ ಕೊಟ್ಟರೆ ಮೊಡವೆ ಕೆರಳುತ್ತದಂತೆ. ಬರಿ ಹೊಟ್ಟೆಯಲ್ಲಿ ತಗೊಂಡರೆ ಸರಿಯಾಗಿ ಮೈಗೆ ಹತ್ತುವುದಿಲ್ಲ, ಜಿಡ್ಡಿನ ಅಂಶ ಇರುವ ಊಟದ ಜೊತೆಯೇ ಆಗಬೇಕು. ಬೇರೆ ವಿಟಮಿನ್ ಎ ಮಾತ್ರೆ ಬೇಡ, ಕುಡಿತ ಬೇಡ. ಮಾತ್ರೆ ಮುಗಿದು 1 ತಿಂಗಳಾಗುವವರೆಗೂ ರಕ್ತದಾನ ಮಾಡುವ ಹಾಗಿಲ್ಲ, ಆ ರಕ್ತ ಗರ್ಭಿಣಿಯೊಬ್ಬಳಿಗೆ ಹೋಗಬಹುದು ಅನ್ನುವ ಕಾರಣಕ್ಕೆ.

ತುಟಿ ಒಣಗಿದ್ದು ಹೇಗೆ ಅಂದರೆ, ಮುದ್ದೆ ತಿನ್ನಲು ಬಾಯಿ ದೊಡ್ಡದು ಮಾಡಿದರೆ ಮೂಲೆಯಲ್ಲಿ ಸೀಳುತ್ತಿತ್ತು. ಸಾರಿನ ಖಾರ ಅಲ್ಲಿಗೇ ತಾಗುತ್ತಿತ್ತು. ವ್ಯಾಸಲೀನ್ ಡಬ್ಬಿ ಜೇಬಿನಲ್ಲೇ ಇರುತ್ತಿತ್ತು, ಊಟಕ್ಕೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ. ಚಳಿಗಾಲದಲ್ಲಿ ಮೂಗಿನೊಳಗೂ ಒಣಗಿ ರಕ್ತ ಬಂತು. ಕಣ್ಣು ಉರಿ, ವಾಲಿಬಾಲ್ ಆಡಿದ ದಿನ ಸೊಂಟ ನೋವು. ಹೋದಾಗಲೆಲ್ಲ ಡಾಕ್ಟರ್ ನಿದ್ದೆ ಹೇಗಿದೆ, ಮನಸ್ಸು ಹೇಗಿದೆ, ಬೇಜಾರು ಜಾಸ್ತಿ ಆಗುತ್ತಾ ಅಂತ ಕೇಳುತ್ತಿದ್ದರು. ಈ ಮಾತ್ರೆ ತಗೊಳ್ಳುವ ಕೆಲವರಲ್ಲಿ ಮನಸ್ಸು ಕುಗ್ಗುವುದು ಕಂಡುಬಂದಿದೆ, ಅದಕ್ಕೆ ಕಣ್ಣಿಟ್ಟಿರುತ್ತಾರೆ. ಮುಖದ ಮೊಡವೆಯೇ ಒಬ್ಬನನ್ನು ಎಷ್ಟು ಕುಗ್ಗಿಸುತ್ತದೆ ಅಂತ ನನ್ನನ್ನು ಕೇಳಿದ ಮೊದಲಿಗರೂ ಅವರೇ. ಗಂಡು ಹುಡುಗರನ್ನು ಇದನ್ನು ಯಾರೂ ಕೇಳುವುದಿಲ್ಲ. ಕೇಳಬೇಕು.

ನನ್ನ ಮುಖ ತಿಳಿಯಾಗುತ್ತಿದ್ದಂತೆ ಚಿಕ್ಕಪ್ಪನ ಮಗಳು "ಅಣ್ಣ, ನಿನ್ ಮಾತ್ರೆ ಹೆಸರು ಹೇಳು, ನಾನೂ ತಗೊಳ್ತೀನಿ" ಅಂದಳು. ನಾನು ಹೇಳಲಿಲ್ಲ. ಮೊದಲ ದಿನವೇ ಡಾಕ್ಟರ್ ಗಟ್ಟಿಯಾಗಿ ಹೇಳಿ ಕಳಿಸಿದ್ದರು, ಇದನ್ನು ಯಾರ ಜೊತೆಗೂ ಹಂಚಿಕೊಳ್ಳಬೇಡ, ಹೆಣ್ಣುಮಕ್ಕಳಿಗಂತೂ ಕೊಡಲೇಬೇಡ ಅಂತ. ಇದು ಹೊಟ್ಟೆಯಲ್ಲಿರುವ ಮಗುವಿಗೆ ತೀವ್ರ ಊನ ತರುವ ಔಷಧಿ. ಹೆಂಗಸರಿಗೆ ಕೊಡುವುದಾದರೆ ಗರ್ಭ ಪರೀಕ್ಷೆ ಮಾಡಿ, ಮಾತ್ರೆ ನಡೆಯುವಷ್ಟು ಕಾಲ ಮತ್ತು ನಿಂತು 1 ತಿಂಗಳವರೆಗೂ ಗರ್ಭ ನಿಲ್ಲದ ಹಾಗೆ ವ್ಯವಸ್ಥೆ ಮಾಡಿಯೇ ಕೊಡಬೇಕು. ಅವಳನ್ನು ಚಿಕ್ಕಮ್ಮನ ಜೊತೆ ಅದೇ ಓಪಿಡಿಗೆ ಕಳಿಸಿದೆವು. ಮುಟ್ಟು ತಪ್ಪಿ ತಪ್ಪಿ ಆಗುತ್ತಿತ್ತು ಅಂತ ಅಲ್ಲಿ ಬಾಯಿ ಬಿಟ್ಟಳಂತೆ. ಸ್ಕ್ಯಾನಿಂಗ್, ಹಾರ್ಮೋನ್ ಪರೀಕ್ಷೆ ಆಗಿ ಪಿಸಿಓಎಸ್, ಅಂದರೆ ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರು ಅಂತ ಗೊತ್ತಾಯಿತು. ಅವಳ ಚಿಕಿತ್ಸೆಯ ದಾರಿಯೇ ಬೇರೆಯಾಯಿತು.

ಊಟದ ವಿಷಯಕ್ಕೆ ಈಗ ನನ್ನ ಮನೆಯಲ್ಲಿ ಒಂದು ತೀರ್ಮಾನ ಇದೆ. ಸಕ್ಕರೆ, ಮೈದಾ ತರಹ ರಕ್ತದಲ್ಲಿ ಸಕ್ಕರೆಯನ್ನು ಥಟ್ಟನೆ ಏರಿಸುವ ತಿಂಡಿ ಕೆಲವರಲ್ಲಿ ಮೊಡವೆ ಹೆಚ್ಚಿಸುತ್ತದೆ ಅನ್ನುವುದಕ್ಕೆ ಒಳ್ಳೆಯ ಆಧಾರ ಇದೆ. ಹಾಲಿಗೂ ಸ್ವಲ್ಪ ಮಟ್ಟಿಗೆ ಇದೆ. ಕಡ್ಲೆಕಾಯಿ, ಮಾವಿನಹಣ್ಣಿನ ಮೇಲೆ ಅಂಥ ಆಧಾರ ಇಲ್ಲ. ಬೆಂಗಳೂರಿನ ಬೀದಿ ಬೀದಿಯ ಅಯ್ಯಂಗಾರ್ ಬೇಕರಿಗಳ ಮೂಲ ನಮ್ಮ ಹಾಸನದ ಕಡೆಯದ್ದೇ, ಬನ್ನು ಬಿಸ್ಕತ್ತು ನಮಗೆ ಬಿಡಲಾಗದ್ದು. ನಾನು ಪೂರ್ತಿ ಬಿಟ್ಟಿಲ್ಲ, ದಿನವೂ ತಿನ್ನುವುದನ್ನು ಬಿಟ್ಟೆ. ಕಡ್ಲೆಕಾಯಿ ಅಂತೂ ಧೈರ್ಯವಾಗಿ ತಿನ್ನುತ್ತೇನೆ.

ಐಸೋಟ್ರೆಟಿನಾಯಿನ್ ನಿಲ್ಲಿಸುವ ಹೊತ್ತಿಗೆ ಹೊಸ ಗಂಟು ಏಳುವುದು ನಿಂತಿತ್ತು. ಆದರೂ ಕನ್ನಡಿಯಲ್ಲಿ ಮುಖ ಚುಕ್ಕಿ ಚುಕ್ಕಿಯಾಗಿಯೇ ಇತ್ತು. ಆಗ ಡಾಕ್ಟರ್ ಕಲೆ ಬೇರೆ, ಗುಳಿ ಬೇರೆ ಅಂತ ಬಿಡಿಸಿ ಹೇಳಿದರು. ನಮ್ಮಂಥ ಬಣ್ಣದ ಚರ್ಮದಲ್ಲಿ ಮೊಡವೆ ಹೋದ ಜಾಗ ಕಪ್ಪಾಗಿ ಉಳಿಯುತ್ತದೆ. ಅದು ಬಣ್ಣ ಅಷ್ಟೇ, ತಿಂಗಳುಗಟ್ಟಲೆ ತಗೊಂಡು ತಾನೇ ಮಾಸುತ್ತದೆ. ಬಿಸಿಲಿಗೆ ಒಡ್ಡಿದರೆ ತಡವಾಗುತ್ತದೆ, ಸನ್‌ಸ್ಕ್ರೀನ್ ಹಚ್ಚಿದರೆ ಬೇಗ. ಗುಳಿ ಹಾಗಲ್ಲ. ಅಲ್ಲಿ ಚರ್ಮದ ಒಳಗಿನ ಆಧಾರವೇ ಕರಗಿರುತ್ತದೆ, ಯಾವ ಕ್ರೀಮೂ ಅದನ್ನು ತುಂಬುವುದಿಲ್ಲ. ಸೂಜಿಯಿಂದ ಒಳಗಿನ ಎಳೆಗಳನ್ನು ಬಿಡಿಸುವುದು, ಸಣ್ಣ ಸೂಜಿಗಳ ಚಿಕಿತ್ಸೆ, ಗುಳಿಯೊಳಗೆ ಆಸಿಡ್ ಚುಕ್ಕಿ ಇಡುವುದು, ಲೇಸರ್ ಅಂತ ಬೇರೆ ಬೇರೆ ದಾರಿ ಇವೆ. ಎಲ್ಲವೂ ಗುಳಿಯನ್ನು ತಗ್ಗಿಸುತ್ತವೆ, ಪೂರ್ತಿ ಅಳಿಸುವುದಿಲ್ಲ. ಖರ್ಚೂ ಜಾಸ್ತಿ. ಮೊಡವೆಗೆ ಬೇಗ ಚಿಕಿತ್ಸೆ ಮಾಡಿಸಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುವುದು ಇದಕ್ಕೇ. ಗುಳಿ ಬೀಳುವ ಜಾತಿಯ ಮೊಡವೆಯಾದರೆ ಕಾಯುವ ಒಂದೊಂದು ತಿಂಗಳೂ ಮುಖದ ಮೇಲೆ ಉಳಿಯುತ್ತದೆ.

ಈಗಲೂ ನಾನು ರಾತ್ರಿ ಅಡಾಪಲೀನ್ ಹಚ್ಚುತ್ತೇನೆ. ಆಗೊಮ್ಮೆ ಈಗೊಮ್ಮೆ ಒಂದು ಏಳುತ್ತದೆ, ಒತ್ತಲು ಹೋಗುವುದಿಲ್ಲ. ಈ ವರ್ಷ ನನ್ನ ತಮ್ಮ ಪಿಯುಸಿಗೆ ಸೇರಿದ. ಅವನ ಹಣೆಯ ಮೇಲೆ ಬೊಕ್ಕೆ, ಗಲ್ಲದ ಮೇಲೆ ಎರಡು ಕೆಂಪು ಗುಳ್ಳೆ ಕಂಡ ವಾರವೇ ಅಪ್ಪ ಕರೆದುಕೊಂಡು ಹೋದರು. ಅವನಿಗೆ ಮಾತ್ರೆ ಏನೂ ಬೇಡ ಅಂದರಂತೆ. ಎರಡು ಟ್ಯೂಬ್ ಕೊಟ್ಟು, ಮೂರು ತಿಂಗಳು ಬಿಟ್ಟು ಬನ್ನಿ ಅಂತ ಬರೆದಿದ್ದಾರೆ. ಮೊದಲ ವಾರದಲ್ಲೇ ಅವನು "ಏನೂ ಕಮ್ಮಿ ಆಗಿಲ್ವಲ್ಲ" ಅಂತ ಗೊಣಗಿದ. ಅಪ್ಪ ಅವನನ್ನು ಕೂರಿಸಿಕೊಂಡು ಅಂಗಮಾರಿಯ ಲೆಕ್ಕ ಹೇಳುತ್ತಿದ್ದರು.